ಜಾತ್ರೆ ಸಮಯದಲ್ಲಿ ಬಂಗಾರದ ಟ್ರೇ ಹೀಗೆ ತೋರಿಸಿ

ಶಿರಸಿ ಮಾರಿಕಾಂಬಾ ಜಾತ್ರೆ ಬಂದರೆ ಒಡವೆ ಅಂಗಡಿಯಲ್ಲಿ ಹೊಸ ಮುಖಗಳೇ ಜಾಸ್ತಿ. ಹಾಗಂತ ಕಳ್ಳತನಕ್ಕೆ ಹೆದರಿ ಎಲ್ಲವನ್ನೂ ಗಾಜಿನೊಳಗೆ ಬೀಗ ಹಾಕಿಟ್ಟರೆ ವ್ಯಾಪಾರ ಆಗುವುದಿಲ್ಲ. ಕೊರಳಿಗೆ ಇಟ್ಟು ನೋಡದೆ ಯಾರು ಸರ ಕೊಳ್ಳುತ್ತಾರೆ, ಅಲ್ವಾ?

ಹೆಚ್ಚು ಎಚ್ಚರ ಬೇಕಾದದ್ದು ಉಂಗುರದ ಟ್ರೇಗೆ. ಉಂಗುರ ಸಿಕ್ಕಿಸುವ ಒಂದು ಸೀಳೂ ಖಾಲಿ ಬಿಡಬೇಡಿ. ಉಂಗುರ ಮಾರಾಟವಾದರೆ ಆ ಜಾಗಕ್ಕೆ ಕೆಂಪು ಚೀಟಿ ಸಿಕ್ಕಿಸಿ. ಆಮೇಲೆ ಚೀಟಿಯಿಲ್ಲದ ಖಾಲಿ ಸೀಳು ಕಂಡರೆ ಉಂಗುರ ಕಾಣೆಯಾಗಿದೆ ಅಂತ ತಕ್ಷಣ ಗೊತ್ತಾಗುತ್ತದೆ. ಒಬ್ಬ ಗಿರಾಕಿಯ ಮುಂದೆ ಒಂದೇ ಟ್ರೇ ಇರಲಿ. ಅದು ಒಳಗೆ ಹೋದ ಮೇಲೆಯೇ ಇನ್ನೊಂದು ಹೊರಗೆ ಬರಲಿ.

ನಕಲಿ ಇಟ್ಟು ಅಸಲಿ ಎತ್ತುವವರೂ ಇರುತ್ತಾರೆ. ಎಣಿಕೆ ಸರಿ ಇರುತ್ತದೆ, ಮಾಲು ಹೋಗಿರುತ್ತದೆ. ಹಾಗಾಗಿ ಟ್ರೇಯ ತೂಕ ಬರೆದಿಟ್ಟು, ಒಳಗಿಡುವಾಗ ಮತ್ತೆ ತೂಗಿ. ಅನುಮಾನ ಬಂದರೆ ಭೂತಗನ್ನಡಿಯಲ್ಲಿ ಹಾಲ್‌ಮಾರ್ಕ್ ಜೊತೆಗಿರುವ 6 ಅಕ್ಷರ-ಅಂಕಿಗಳ ಗುರುತಿನ ಸಂಕೇತ, ಅಂದರೆ ಎಚ್‌ಯುಐಡಿ ನೋಡಿ. ಅದು ಪ್ರತಿ ಒಡವೆಗೂ ಬೇರೆ. ನಿಮ್ಮ ಸ್ಟಾಕ್ ಪುಸ್ತಕದಲ್ಲಿ ಬರೆದಿದ್ದರೆ ಹೊಂದಿಸಿ ನೋಡುವುದು ಸುಲಭ.

ಬೆಳ್ಳಿ ಕಾಲುಂಗುರ, ಗೆಜ್ಜೆ ಬಾಗಿಲ ಹತ್ತಿರ ಇರಲಿ. ಭಾರದ ಸರಗಳು ಒಳಗಿನ ಕೌಂಟರಿಗೆ. ಅಲ್ಲಿ ಕುರ್ಚಿ, ಕನ್ನಡಿ ಇಟ್ಟು ಗಿರಾಕಿಯನ್ನು ಕೂರಿಸಿ, ಸಮಾಧಾನವಾಗಿ ತೋರಿಸಿ. ಯಾರನ್ನೂ ಸುಮ್ನೆ ಅನುಮಾನದಿಂದ ನೋಡಬೇಡಿ. ನಿಯಮ ಎಲ್ಲರಿಗೂ ಒಂದೇ ಇದ್ದರೆ ಯಾರಿಗೂ ಬೇಜಾರಾಗುವುದಿಲ್ಲ.