ಪರದೆಯ ಬೆಳಕನ್ನು ಕಿವಿಗೆ ತಲುಪಿಸಿದ್ದು: ನನ್ನ ಅನುಭವ

ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿರುವ ನನ್ನ ಕಂಪ್ಯೂಟರ್ ರಿಪೇರಿ ಅಂಗಡಿಗೆ ಎರಡು ವರ್ಷಗಳ ಹಿಂದೆ ಒಂದು ಲ್ಯಾಪ್‌ಟಾಪ್ ಬಂತು. ಅದು ಪೂರ್ಣ ಅಂಧರಾದ ನಿವೃತ್ತ ಮಾಸ್ತರರೊಬ್ಬರದು. ಪರದೆ ಹಾಳಾಗಿದೆಯೆಂದು ಬೇರೊಂದು ಕಡೆ ಹೊಸ ಪ್ಯಾನೆಲ್‌ಗೆ ಸುಮಾರು 4,500 ರೂಪಾಯಿ ಕೇಳಿದ್ದರಂತೆ. ಪರದೆಯಲ್ಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ ಎನ್‌ವಿಡಿಎ ಮಾತ್ರ ಸ್ಪಷ್ಟವಾಗಿ ಓದುತ್ತಿತ್ತು. ನಾನು ಟಾರ್ಚನ್ನು ಓರೆಯಾಗಿ ಹಿಡಿದು ನೋಡಿದಾಗ ಕಪ್ಪು ಪರದೆಯೊಳಗೆ ಐಕಾನ್‌ಗಳು ನೆರಳಿನಂತೆ ಕಂಡವು. ಬ್ರೈಟ್‌ನೆಸ್ ಸೊನ್ನೆಗೆ ಇಳಿದು ಪರದೆಯ ಹಿಂದಿನ ದೀಪ (ಬ್ಯಾಕ್‌ಲೈಟ್) ಆರಿತ್ತು, ಅಷ್ಟೇ.

ಹಣ ತೆಗೆದುಕೊಳ್ಳದೆ ಸರಿಮಾಡಿ ಕೊಟ್ಟಾಗ ಅವರು ಕೇಳಿದ ಮಾತು ನನ್ನನ್ನು ಈ ಕೆಲಸಕ್ಕೆ ಹಚ್ಚಿತು. "ಮೊಮ್ಮಗ ಪಕ್ಕದಲ್ಲಿ ಕುಳಿತಾಗ ಅವನಿಗೆ ಕಾಣಬೇಕು, ಬಸ್ಸಿನಲ್ಲಿ ಪಕ್ಕದವರಿಗೆ ಕಾಣಬಾರದು. ಬೆಳಕು ಎಷ್ಟಿದೆಯೆಂದು ನನಗೆ ತಿಳಿಯುವುದು ಹೇಗೆ?" ಇದನ್ನು ನಮ್ಮ ಕಸುಬಿನ ಗೆಳೆಯರಲ್ಲಿ ಹೇಳಿದಾಗ ಎಲ್ಲರ ಉತ್ತರವೂ ಒಂದೇ ಆಗಿತ್ತು: "ಕಣ್ಣು ಕಾಣದವರಿಗೆ ಬ್ರೈಟ್‌ನೆಸ್ ಯಾಕೆ ಮಾರಾಯ? ಸ್ಕ್ರೀನ್ ಕರ್ಟನ್ ಹಾಕಿ ಕೊಡು, ಮುಗಿಯಿತು."

ಎನ್‌ವಿಡಿಎಯಲ್ಲಿರುವ ಸ್ಕ್ರೀನ್ ಕರ್ಟನ್ ಎಂಬ ಸೌಲಭ್ಯ ಚಿತ್ರವನ್ನು ಕಪ್ಪಾಗಿಸುತ್ತದೆ ನಿಜ. ಆದರೆ ಎಲ್‌ಸಿಡಿ ಪರದೆಯಲ್ಲಿ ಹಿಂದಿನ ದೀಪ ಉರಿಯುತ್ತಲೇ ಇರುತ್ತದೆ. ಮಾಸ್ತರರ ಹಳೆಯ ಬ್ಯಾಟರಿ ಕರ್ಟನ್ ಹಾಕಿದಾಗಲೂ ಹಾಕದಿದ್ದಾಗಲೂ ಎರಡೂವರೆ ಗಂಟೆಯ ಆಸುಪಾಸಿನಲ್ಲಿಯೇ ನಿಂತಿತು; ಬ್ರೈಟ್‌ನೆಸ್ ಇಳಿಸಿದಾಗ ಮೂರೂಕಾಲು ಗಂಟೆಯಷ್ಟು ಬಂತೆಂದು ನೆನಪು. ಮಳೆಗಾಲದಲ್ಲಿ ಕರೆಂಟು ಹೋದರೆ ಸಂಜೆಯವರೆಗೂ ಬಾರದ ನಮ್ಮ ಊರುಗಳಲ್ಲಿ ಮುಕ್ಕಾಲು ಗಂಟೆ ದೊಡ್ಡ ಲಾಭ.

ಆದ್ದರಿಂದ ಎರಡು ಕೀಲಿಗಳಿಂದ ಬೆಳಕನ್ನು ಏರಿಸಿ ಇಳಿಸುವ, ಪ್ರತಿಸಲವೂ ಪ್ರಮಾಣವನ್ನು ಬಾಯಿಬಿಟ್ಟು ಹೇಳುವ ಪುಟ್ಟ ಪ್ರೋಗ್ರಾಮನ್ನು (ಸ್ಕ್ರಿಪ್ಟ್), ಕೀಲಿಗಳಿಗೆ ಕೆಲಸ ಹಚ್ಚುವ ಆಟೋಹಾಟ್‌ಕೀ ಎಂಬ ತಂತ್ರಾಂಶದಲ್ಲಿ ಬರೆಯಲು ಕುಳಿತೆ. ಲ್ಯಾಪ್‌ಟಾಪಿನ ಬೆಳಕು ವಿಂಡೋಸ್‌ನಲ್ಲಿಯೇ ಇರುವ ಡಬ್ಲ್ಯುಎಂಐ ಎಂಬ ವ್ಯವಸ್ಥೆಯ ಮೂಲಕ ಅರ್ಧ ದಿನದಲ್ಲಿ ಹತೋಟಿಗೆ ಬಂತು. ಆದರೆ ಅದನ್ನು ಎನ್‌ವಿಡಿಎಯಿಂದ ಹೇಳಿಸಲು ಹತ್ತು ದಿನ ಹಿಡಿಯಿತು. ಬೇರೆ ಪ್ರೋಗ್ರಾಮುಗಳು ಎನ್‌ವಿಡಿಎಯಿಂದ ಮಾತಾಡಿಸಲು ಬೇಕಾದ ಕಡತ, ಅಂದರೆ ಕಂಟ್ರೋಲರ್ ಕ್ಲೈಂಟ್ ಡಿಎಲ್‌ಎಲ್, ನಾನು ಹಾಕಿಕೊಂಡದ್ದು 32 ಬಿಟ್‌ನದು, ನನ್ನ ಆಟೋಹಾಟ್‌ಕೀ 64 ಬಿಟ್‌ನದು, ಇವೆರಡೂ ಹೊಂದುವುದಿಲ್ಲ ಎಂಬುದನ್ನು ಗಮನಿಸದೆ ಕೋಡನ್ನೇ ಹತ್ತು ಬಾರಿ ತಿದ್ದಿದ್ದೆ.

ನಿಜವಾದ ಕಷ್ಟ ಎದುರಾದದ್ದು ಬೇರೆ ಮಾನಿಟರಿನಲ್ಲಿ. ಮಾಸ್ತರರ ಮನೆಯ ಡೆಸ್ಕ್‌ಟಾಪಿಗೆ ಡಬ್ಲ್ಯುಎಂಐ ಉಪಯೋಗಕ್ಕೆ ಬಾರದು, ಕೇಬಲ್ ಮೂಲಕ ಮಾನಿಟರಿಗೆ ಆಜ್ಞೆ ಕೊಡುವ ಡಿಡಿಸಿ ಸಿಐ ಎಂಬ ವ್ಯವಸ್ಥೆ ಬೇಕು. ಆಜ್ಞೆ ಕಳುಹಿಸಿದರೆ ಮಾನಿಟರ್ ಅಲುಗಲಿಲ್ಲ. ಅದರ ಮೆನುವಿನಲ್ಲಿ ಡಿಡಿಸಿ ಸಿಐ ಆಫ್ ಆಗಿತ್ತು. ಆ ಮೆನು ಮಾತನಾಡುವುದಿಲ್ಲವಾದ್ದರಿಂದ ಕಣ್ಣು ಕಾಣುವ ಒಬ್ಬರು ಒಮ್ಮೆ ಅದನ್ನು ಆನ್ ಮಾಡಿಕೊಡಲೇಬೇಕು. ಆನ್ ಮಾಡಿದ ಮೇಲೂ ಕೆಲಸವಾಗಲಿಲ್ಲ. ಮಂಗಳೂರಿನಿಂದ ಕಂಪ್ಯೂಟರನ್ನು ಮಾನಿಟರಿಗೆ ಜೋಡಿಸುವ ಮೂರು ವಿಜಿಎ ಕೇಬಲ್‌ಗಳನ್ನೂ ಒಂದು ಎಚ್‌ಡಿಎಂಐ ಕನ್ವರ್ಟರನ್ನೂ ತಂದೆ. ಬಸ್ಸಿನ ಖರ್ಚು ಸೇರಿ ಸಾವಿರದ ಮುನ್ನೂರರ ಹತ್ತಿರ ಹೋಯಿತು. ಕೊನೆಗೊಂದು ರಾತ್ರಿ ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟು ಕೇಬಲ್‌ಗಳ ಒಂದೊಂದೇ ಪಿನ್ನನ್ನು ಮುಟ್ಟುತ್ತಾ ಹೋದೆ. ಎರಡು ಕೇಬಲ್‌ಗಳಲ್ಲಿ 12 ಮತ್ತು 15ನೆಯ ಪಿನ್‌ಗಳಿಗೆ ತಂತಿಯೇ ಇರಲಿಲ್ಲ! ಡಿಡಿಸಿ ಸಂದೇಶ ಸಾಗುವುದು ಅವೇ ಎರಡರಲ್ಲಿ. ಮೂರನೆಯ ಕೇಬಲ್ ಹಾಕಿದೊಡನೆ ಮಾನಿಟರ್ ಹೇಳಿದಂತೆ ಕೇಳಿತು. ಕನ್ವರ್ಟರ್ ಇಂದಿಗೂ ಡ್ರಾಯರಿನಲ್ಲಿದೆ.

ಇಲ್ಲಿ ಎರಡು ವಿಷಯಗಳನ್ನು ಗಮನಿಸಬೇಕು. ಬ್ರೈಟ್‌ನೆಸ್‌ನ ಗರಿಷ್ಠ ಅಂಕ ಎಲ್ಲ ಮಾನಿಟರುಗಳಲ್ಲಿಯೂ 100 ಆಗಿರುವುದಿಲ್ಲ, ಆದ್ದರಿಂದ ಮೊದಲು ಅದನ್ನು ಓದಿ ಶೇಕಡಾಕ್ಕೆ ಪರಿವರ್ತಿಸಿಕೊಳ್ಳಬೇಕು. ಜೊತೆಗೆ, ಕೀಲಿಯನ್ನು ಒತ್ತಿ ಹಿಡಿದಾಗ ಪ್ರತಿ ಹೆಜ್ಜೆಯನ್ನೂ ಮಾನಿಟರಿಗೆ ಕಳುಹಿಸಬಾರದು. ಬೆರಳು ತೆಗೆದು ಕಾಲು ಸೆಕೆಂಡ್ ಕಳೆದ ಮೇಲೆ ಒಮ್ಮೆ ಕಳುಹಿಸಿ, ಆಗಲೇ ಹೇಳಿಸಬೇಕು. ಕೆಲವು ಮಾನಿಟರುಗಳು ಆಜ್ಞೆ ಒಪ್ಪಿದಂತೆ ನಟಿಸಿ ಬೆಳಕನ್ನು ಬದಲಿಸುವುದೇ ಇಲ್ಲ. ಅಂಥವನ್ನು ಹಿಡಿಯುವ ಉಪಾಯವನ್ನು ಆರು ತಿಂಗಳು ಒದ್ದಾಡಿ ಕಂಡುಕೊಂಡಿದ್ದೇನೆ. ಅದು ಸದ್ಯಕ್ಕೆ ನನ್ನಲ್ಲಿಯೇ ಇರಲಿ.

ಇದರ ಸುದ್ದಿ ಕೇಳಿ ಪೆರ್ಲದ ಕಡೆಯ ಒಬ್ಬ ಕಾಲೇಜು ವಿದ್ಯಾರ್ಥಿನಿ ತಾಯಿಯೊಂದಿಗೆ ಬಂದಳು. ಹುಟ್ಟಿನಿಂದಲೇ ಚರ್ಮ ಮತ್ತು ಕಣ್ಣಿನಲ್ಲಿ ಬಣ್ಣ ಕಡಿಮೆಯಿರುವ ಆಲ್ಬಿನಿಸಂ ಇರುವವಳು, ದೃಷ್ಟಿ ಕಡಿಮೆ, ಬಿಳಿಯ ಪುಟ ತೆರೆದರೆ ಕಣ್ಣು ಮುಚ್ಚಿಕೊಳ್ಳಬೇಕಾದಷ್ಟು ಬೆಳಕಿನ ಹಿಂಸೆ. ಆಕೆಗೆ ವಿಂಡೋಸ್‌ನ ಹಿಗ್ಗಿಸಿ ತೋರಿಸುವ ಸೌಲಭ್ಯವಾದ ಮ್ಯಾಗ್ನಿಫೈಯರಿನಲ್ಲಿ ಕಂಟ್ರೋಲ್, ಆಲ್ಟ್, ಐ ಒತ್ತಿ ಬಣ್ಣ ತಿರುಗಿಸಿ, ಬೆಳಕನ್ನು ಶೇ. 15ಕ್ಕೆ ಇಳಿಸಿ ಕಳುಹಿಸಿದೆ. ವಾರದೊಳಗೆ ತಲೆನೋವೆಂದು ಮರಳಿ ಬಂದಳು. ಬಿಳಿ ಪರದೆಯ ಮುಂದೆ ಪೆನ್ಸಿಲನ್ನು ಬೀಸಿ ನೋಡಿದೆ: ಬೆಳಕು ಹೆಚ್ಚಿದ್ದಾಗ ಮಸುಕಾದ ಒಂದೇ ಬೀಸಣಿಗೆ, ಶೇ. 15ರಲ್ಲಿ ಬಿಡಿಬಿಡಿಯಾದ ಏಳೆಂಟು ಪೆನ್ಸಿಲುಗಳು. ಆ ಪ್ಯಾನೆಲ್ ದೀಪವನ್ನು ಆರಿಸಿ ಹೊತ್ತಿಸಿಯೇ ಬೆಳಕು ಕಡಿಮೆ ಮಾಡುತ್ತಿತ್ತು, ಆ ಮಿಣುಕೇ ಅವಳ ತಲೆನೋವು. ದೀಪವನ್ನು ಶೇ. 40ರಲ್ಲಿ ನಿಲ್ಲಿಸಿ ಉಳಿದ ಮಬ್ಬನ್ನು ಗಾಮಾದಿಂದ, ಅಂದರೆ ದೀಪವನ್ನು ಮುಟ್ಟದೆ ಚಿತ್ರವನ್ನೇ ಮಬ್ಬಾಗಿಸುವ ಹೊಂದಾಣಿಕೆಯಿಂದ ತಂದೆ. ವಿಂಡೋಸ್ ಗಾಮಾವನ್ನು ಒಂದು ಮಿತಿಗಿಂತ ಕೆಳಗೆ ಇಳಿಯಗೊಡುವುದಿಲ್ಲ, ಆ ಬೇಲಿ ದಾಟುವ ದಾರಿಯನ್ನು ಹುಡುಕಿದವರು ಕಂಡುಕೊಳ್ಳುತ್ತಾರೆ.

ಇಷ್ಟಾದ ಮೇಲೂ ಅವಳ ಪರದೆ ತಾನಾಗಿಯೇ ಏರಿಳಿಯುತ್ತಿತ್ತು. ಪರದೆಯಲ್ಲಿರುವುದನ್ನು ನೋಡಿ ಬೆಳಕು ಬದಲಿಸುವ ಸೌಲಭ್ಯ ವಿಂಡೋಸ್‌ನಲ್ಲೊಂದು, ಇಂಟೆಲ್ ಡ್ರೈವರಿನಲ್ಲಿ ಇನ್ನೊಂದು ಇತ್ತು. ಎರಡನ್ನೂ ತೆಗೆದ ಮೇಲೆ ನಿಂತಿತು. ಬ್ಯಾಟರಿ ಸೇವರ್ ಬೆಳಕು ಇಳಿಸುವುದನ್ನೂ ನಿಲ್ಲಿಸಿದೆ.

ಇಲ್ಲಿನ ಶಾಲೆಗಳ ಕಂಪ್ಯೂಟರುಗಳಲ್ಲಿರುವ ಲಿನಕ್ಸಿನಲ್ಲಿಯೂ, ಅಲ್ಲಿ ಪರದೆ ಓದುವ ತಂತ್ರಾಂಶವಾದ ಓರ್ಕಾದೊಂದಿಗೆ ಪ್ರಯತ್ನಿಸಿದೆ. ಎಕ್ಸ್‌ರ್ಯಾಂಡರ್ ಎಂಬ ಆಜ್ಞೆಯ ಬ್ರೈಟ್‌ನೆಸ್ ಬಣ್ಣವನ್ನಷ್ಟೇ ಮಬ್ಬಾಗಿಸುತ್ತದೆ, ದೀಪ ಇಳಿಯುವುದಿಲ್ಲ. ದೀಪವನ್ನೇ ಇಳಿಸುವ ಬ್ರೈಟ್‌ನೆಸ್‌ಸಿಟಿಎಲ್ ಎಂಬ ಇನ್ನೊಂದು ಆಜ್ಞೆ ಸರಿಯಾಗಿ ಕೆಲಸ ಮಾಡಿತು.

ಈಗ ಕುಂಬಳೆಯಿಂದ ಅಡೂರಿನವರೆಗೆ ಹತ್ತು ಹನ್ನೆರಡು ಮಂದಿಗೆ ಇದನ್ನು ಹಾಕಿಕೊಟ್ಟಿದ್ದೇನೆ. ಸ್ಕ್ರಿಪ್ಟಿಗೆ ಹಣವಿಲ್ಲ, ಕೇಬಲ್ ಬದಲಿಸಬೇಕಾದರೆ ಅದರ ಬೆಲೆ ಮಾತ್ರ. ಮೊದಲು ಇದು ಯಾಕೆಂದು ಕೇಳಿದ್ದ ಗೆಳೆಯರಲ್ಲಿ ಇಬ್ಬರು ಈಗ ತಮ್ಮ ಗಿರಾಕಿಗಳನ್ನು ನನ್ನ ಬಳಿಗೇ ಕಳುಹಿಸುತ್ತಾರೆ. ಮೊನ್ನೆ ಮಾಸ್ತರರು ಅಂಗಡಿಗೆ ಬಂದು ಕುಳಿತು ಲ್ಯಾಪ್‌ಟಾಪ್ ತೆರೆದರು, ಕೀಲಿಯನ್ನು ನಾಲ್ಕು ಬಾರಿ ಒತ್ತಿದರು, "ಎಪ್ಪತ್ತು" ಎಂದಿತು. ಪರದೆಯನ್ನು ನನ್ನತ್ತ ತಿರುಗಿಸಿ, "ಈಗ ನಿಮಗೆ ಕಾಣುತ್ತದಲ್ಲ, ಈ ಅರ್ಜಿಯಲ್ಲಿ ಮೊಹರು ಎಲ್ಲಿದೆ ನೋಡಿ ಹೇಳಿ" ಎಂದರು.