ಮುಚ್ಚಳ ಬಿಗಿಯಾಗಿದ್ದರೂ ಹೊರಬರುವ ಮದ್ದು: ಕೀಟನಾಶಕದ ಪ್ಲಾಸ್ಟಿಕ್ ಬಾಟಲಿಗಳನ್ನು ಪರೀಕ್ಷಿಸಿ ಇಡುವುದು ಹೇಗೆ?

ಕಳೆದ ಬೇಸಗೆಯಲ್ಲಿ ತೋಟದ ಪಂಪ್ ಶೆಡ್ಡನ್ನು ಗುಡಿಸುವಾಗ, ಗೆದ್ದಲಿಗೆಂದು ತಂದು ಬಳಸದೆ ಉಳಿದಿದ್ದ ಒಂದು ಲೀಟರಿನ ಕ್ಲೋರೋಪೈರಿಫಾಸ್ ಬಾಟಲಿ ಕೈಗೆ ಸಿಕ್ಕಿತು. ಸೀಲ್ ಒಡೆದಿರಲಿಲ್ಲ, ಎಲ್ಲಿಯೂ ಬಿರುಕು ಕಾಣಲಿಲ್ಲ. ಆದರೂ ಬಾಟಲಿಯ ಎರಡೂ ಬದಿಗಳು ಒಳಕ್ಕೆ ಕುಗ್ಗಿದ್ದವು, ಲೇಬಲ್ ಎಣ್ಣೆ ಹೀರಿದ ಕಾಗದದಂತೆ ಕಪ್ಪಾಗಿತ್ತು, ಅದನ್ನಿಟ್ಟಿದ್ದ ಹಲಗೆಯ ಮೇಲೆ ಉರುಟಾದ ಕಲೆಯೊಂದು ಉಳಿದಿತ್ತು. ಸೋರದ ಬಾಟಲಿಯಿಂದ ಮದ್ದು ಹೊರಬಂದದ್ದು ಹೇಗೆಂದು ತಿಳಿದರೆ, ಅದನ್ನು ಎಲ್ಲಿ ಇಡಬೇಕು, ಎಲ್ಲಿ ಇಡಬಾರದು ಎಂಬುದು ತಾನಾಗಿ ಸ್ಪಷ್ಟವಾಗುತ್ತದೆ.

ಇಂತಹ ಬಾಟಲಿಗಳು ಹೆಚ್ಚಾಗಿ ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್ಕಿನವು. ಇದರ ಉದ್ದನೆಯ ಅಣುಸರಪಳಿಗಳು ಕೆಲವೆಡೆ ಒತ್ತಾಗಿ ಜೋಡಿಸಿಕೊಂಡಿದ್ದರೆ, ಉಳಿದೆಡೆ ಬೈಹುಲ್ಲಿನ ರಾಶಿಯಂತೆ ಸಡಿಲವಾಗಿ ಹೆಣೆದುಕೊಂಡಿರುತ್ತವೆ. ಒಳಗಿನ ದ್ರವ ಮೊದಲು ಗೋಡೆಯ ಒಳಮೈಯಲ್ಲಿ ಕರಗಿ ಸೇರುತ್ತದೆ, ಬಳಿಕ ಸಡಿಲ ಭಾಗಗಳ ನಡುವೆ ಮೆಲ್ಲಮೆಲ್ಲನೆ ಸರಿಯುತ್ತದೆ, ಕೊನೆಗೆ ಹೊರಮೈಯಿಂದ ಆವಿಯಾಗಿ ಗಾಳಿಗೆ ಸೇರುತ್ತದೆ. ತೂತು ಇರಬೇಕೆಂದೇ ಇಲ್ಲ. ಪಾಲಿಎಥಿಲೀನ್ ಸ್ವಭಾವದಲ್ಲಿ ಎಣ್ಣೆಗೆ ಹತ್ತಿರದ್ದು. ಆದುದರಿಂದ ನೀರು ಅದರೊಳಗೆ ಹೋಗುವುದು ಅತ್ಯಲ್ಪ, ಎಣ್ಣೆಯಂತಹ ದ್ರಾವಕಗಳು ಹೋಗುವುದು ಧಾರಾಳ.

ನಮ್ಮ ಕಾಸರಗೋಡಿನ ಅಡಿಕೆ ಬೆಳೆಗಾರರಿಗೆ ಪ್ಲಾಸ್ಟಿಕ್ಕಿನ ಮೇಲೆ ಇರುವ ಭರವಸೆ ಬಂದದ್ದು ಬಹುಶಃ ಬೋರ್ಡೋ ದ್ರಾವಣದಿಂದ. ಕೊಳೆರೋಗಕ್ಕೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣವನ್ನು 100 ಲೀಟರ್ ನೀರಿಗೆ ಬೆರೆಸುವಾಗ ಕಬ್ಬಿಣದ ಪಾತ್ರೆ ಕೆಡುತ್ತದೆ, ಪ್ಲಾಸ್ಟಿಕ್ ಡ್ರಮ್ಮಿಗೆ ಮಾತ್ರ ಏನೂ ಆಗುವುದಿಲ್ಲ. ಆದರೆ ಅದು ನೀರಿನ ಮದ್ದು. ಆ ಅನುಭವವನ್ನು ಎಣ್ಣೆಯ ಮದ್ದಿಗೂ ಅನ್ವಯಿಸಿದ್ದೇ ತಪ್ಪಾಯಿತು.

ಆದುದರಿಂದ ಮೊದಲನೆಯ ಕೆಲಸ, ಮನೆಯಲ್ಲಿರುವ ಎಲ್ಲ ಬಾಟಲಿಗಳನ್ನು ಅಂಗಳದ ನೆರಳಿಗೆ ತಂದು ಲೇಬಲ್ ಓದುವುದು. ಹೆಸರಿನ ಜೊತೆಗೆ ‘20 ಇಸಿ’, ‘25 ಇಸಿ’ ಎಂದಿದ್ದರೆ ಮದ್ದನ್ನು ಸಾಮಾನ್ಯವಾಗಿ ಕ್ಸೈಲೀನ್ ಅಥವಾ ಅದರ ಜಾತಿಯ ಪೆಟ್ರೋಲಿಯಂ ದ್ರಾವಕದಲ್ಲಿ ಕರಗಿಸಿರುತ್ತಾರೆ. ಗೋಡೆಯನ್ನು ಹಾಯುವುದು, ಅದನ್ನು ಉಬ್ಬಿಸಿ ಮೆದುವಾಗಿಸುವುದು ಮುಖ್ಯವಾಗಿ ಇವೇ. ‘ಎಸ್‌ಎಲ್’, ‘ಎಸ್‌ಸಿ’ ಎಂದಿದ್ದರೆ ಅವು ಬಹುತೇಕ ನೀರಿನ ಆಧಾರದವು, ಹೀಗೆ ಹಾಯುವ ಭಯ ಕಡಿಮೆ. ಆದರೆ ಅವುಗಳಲ್ಲಿಯೂ ಸಾಬೂನಿನ ಗುಣದ ವಸ್ತುಗಳಿರುತ್ತವೆ, ಮತ್ತು ಭಾರ ಬಿದ್ದು ಬಾಗಿದ ಕಡೆಯಲ್ಲಿ ಪಾಲಿಎಥಿಲೀನ್ ಕೂದಲೆಳೆಯಷ್ಟು ಸೀಳುವುದಕ್ಕೆ ಅವು ಕಾರಣವಾಗುತ್ತವೆ. ಲೇಬಲ್ಲಿನ ವಜ್ರಾಕೃತಿಯ ಬಣ್ಣವನ್ನೂ ನೋಡಿರಿ: ಕೆಂಪು ಅತ್ಯಂತ ವಿಷ, ಹಳದಿ ಅದರ ನಂತರ, ನೀಲಿ ಮತ್ತು ಹಸಿರು ಇನ್ನೂ ಕೆಳಗಿನವು. ಲೇಬಲ್ ಅಳಿಸಿಹೋಗಿ ಒಳಗಿರುವುದು ಯಾವುದೆಂದು ತಿಳಿಯದಿದ್ದರೆ ಅದನ್ನು ಕೆಂಪೆಂದೇ ಭಾವಿಸಬೇಕು.

ಎರಡನೆಯದು ಪರೀಕ್ಷೆ. ರಬ್ಬರ್ ಕೈಗವಸು ಹಾಕಿಕೊಂಡು ಬಾಟಲಿಯ ಬದಿಗಳನ್ನು, ಹಿಡಿಕೆಯ ಬುಡವನ್ನು, ತಳದ ಮೂಲೆಗಳನ್ನು ನೋಡಿರಿ. ಬದಿಗಳು ಕುಗ್ಗಿದ್ದರೆ ದ್ರಾವಕ ಹೊರಹೋಗಿದೆ, ಅದರ ಜಾಗಕ್ಕೆ ಗಾಳಿ ಅಷ್ಟೇ ಬೇಗ ಒಳಬಂದಿಲ್ಲ ಎಂದರ್ಥ. ಲೇಬಲ್ ಎದ್ದು ಬರುವುದು, ಹೊರಮೈ ಜಿಡ್ಡಾಗಿರುವುದು, ಮುಚ್ಚಳ ಭದ್ರವಾಗಿದ್ದರೂ ಕಪಾಟು ತೆರೆದೊಡನೆ ವಾಸನೆ ಬರುವುದು ಇದೇ ಕಥೆಯನ್ನು ಹೇಳುತ್ತವೆ. ವಾಸನೆ ಪರೀಕ್ಷಿಸಲೆಂದು ಮಾತ್ರ ಮೂಗನ್ನು ಹತ್ತಿರ ಒಯ್ಯಬೇಡಿ. ದ್ರವದ ಮಟ್ಟಕ್ಕೆ ಗೆರೆ ಎಳೆದಿಟ್ಟರೆ ಸಾಲದು, ಬದಿ ಕುಗ್ಗಿದಾಗ ಮಟ್ಟ ಮೇಲೇರಿದಂತೆಯೂ ಕಾಣಬಹುದು. ತೂಗಿ, ತೂಕವನ್ನೂ ತಾರೀಕನ್ನೂ ಬಾಟಲಿಯ ಮೇಲೆ ಬರೆದು, ತಿಂಗಳಿಗೊಮ್ಮೆ ತೂಗುವುದೇ ನಂಬಿಕೆಗೆ ಅರ್ಹವಾದ ದಾರಿ. ಅಡುಗೆಮನೆಯ ತಕ್ಕಡಿ ಇದಕ್ಕೆ ಬೇಡ. ತೂಕ ಇಳಿದಿದ್ದರೆ ಇನ್ನೊಂದು ತೊಂದರೆಯೂ ಇದೆ: ದ್ರಾವಕ ವಿಷಕ್ಕಿಂತ ಬೇಗ ಹಾಯುವುದರಿಂದ ಉಳಿದ ಮದ್ದು ಗಾಢವಾಗುತ್ತದೆ, ನೀರಿನಲ್ಲಿ ಸರಿಯಾಗಿ ಬೆರೆಯದೆ ಹೋಗಬಹುದು, ಲೇಬಲ್ಲಿನ ಅಳತೆಗೆ ಅರ್ಥವೇ ಉಳಿಯುವುದಿಲ್ಲ.

ಒಳ್ಳೆಯ ಕಂಪನಿಗಳು ಇದನ್ನು ತಡೆಯಲು ಪಾಲಿಎಥಿಲೀನ್ ಪದರಗಳೊಂದಿಗೆ ನೈಲಾನಿನಂತಹ ಬೇರೆ ಪದರವನ್ನು ಸೇರಿಸುತ್ತವೆ, ಅಥವಾ ಮೇಲ್ಮೈಗೆ ಫ್ಲೋರಿನ್ ಉಪಚಾರ ಮಾಡುತ್ತವೆ. ಎರಡನೆಯ ಉಪಾಯದಲ್ಲಿಯೂ ಕೊರತೆ ಕಂಡುಬಂದಿದೆ: ಹಾಗೆ ಉಪಚರಿಸಿದ ಡಬ್ಬಿಗಳಿಂದ ಪಿಎಫ್‌ಎಎಸ್ ಎಂಬ ಬಹುಕಾಲ ಅಳಿಯದ ರಾಸಾಯನಿಕಗಳು ಸೊಳ್ಳೆನಾಶಕಕ್ಕೆ ಇಳಿದಿದ್ದನ್ನು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2021ರಲ್ಲಿ ಪ್ರಕಟಿಸಿತು. ನಮಗೆ ಬೇಕಾದ ಪಾಠವೆಂದರೆ, ಮದ್ದನ್ನು ಅದರದೇ ಬಾಟಲಿಯಿಂದ ನೀರಿನ ಬಾಟಲಿಗೋ, ತೊಟ್ಟೆಗೋ ಎಂದಿಗೂ ಬದಲಿಸಬಾರದು. ತೊಟ್ಟೆಯ ಪ್ಲಾಸ್ಟಿಕ್ ಇನ್ನಷ್ಟು ಸಡಿಲ, ಇನ್ನಷ್ಟು ತೆಳು. ಒಂದೇ ಪ್ಲಾಸ್ಟಿಕ್ಕಿನ ಗೋಡೆ ಅರ್ಧ ದಪ್ಪವಾದರೆ ದ್ರವ ಹೊರಗೆ ತಲುಪುವ ಹೊತ್ತು ಕಾಲು ಭಾಗಕ್ಕೆ ಇಳಿಯುತ್ತದೆ.

ಮೂರನೆಯದು ಜಾಗ. ತಾಪ 10 ಡಿಗ್ರಿ ಏರಿದರೆ ಹಾಯುವ ವೇಗ ಸಾಮಾನ್ಯವಾಗಿ ಇಮ್ಮಡಿಗೆ ಹತ್ತಿರವಾಗುತ್ತದೆ. ಹೀಗಿರುವಾಗ ಏಪ್ರಿಲ್ ಬಿಸಿಲಿನಲ್ಲಿ ತಗಡಿನ ಮಾಡಿನ ಕೆಳಗಿನ ಅಟ್ಟಕ್ಕಿಂತ ಕೆಟ್ಟ ಸ್ಥಳ ಬೇರೆ ಇಲ್ಲ. ತಂಪಾದ, ಗಾಳಿಯಾಡುವ, ಬೀಗವಿರುವ, ಮಕ್ಕಳಿಗೆ ಸಿಗದ ಕೋಣೆಯಲ್ಲಿ, ಸ್ಟೀಲ್ ತಟ್ಟೆಯ ಮೇಲೆ, ಒಂದರ ಮೇಲೊಂದು ಹೇರದೆ ಇಡಿರಿ. ಹಟ್ಟಿಯ ಹಿಂಡಿ, ಅಕ್ಕಿ, ಉಪ್ಪು, ಬಿತ್ತನೆ ಬೀಜ ಅಲ್ಲಿರಬಾರದು, ಏಕೆಂದರೆ ಗೋಡೆ ಹಾಯ್ದು ಬಂದ ಆವಿಗೆ ಅಕ್ಕಿಯ ಪ್ಲಾಸ್ಟಿಕ್ ಚೀಲವನ್ನು ಹಾಯುವುದೂ ಕಷ್ಟವಲ್ಲ.

ಇದರಲ್ಲಿಯೇ ನನ್ನನ್ನು ಹೆಚ್ಚು ಕಾಡುವ ಸಂಗತಿಯೊಂದಿದೆ. ಬಾಯಾರು, ಎಣ್ಮಕಜೆಯಂತಹ ಊರುಗಳಲ್ಲಿ ಎಷ್ಟೋ ಮನೆಗಳು ಕುಡಿಯುವುದು ಸುರಂಗದ, ಎಂದರೆ ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಬಿಲದ ನೀರು; ಅದು ಗುಡ್ಡದ ಮುರಕಲ್ಲಿನಲ್ಲಿ ಜಿನುಗಿ, ಕಪ್ಪು ಪಾಲಿಎಥಿಲೀನ್ ಪೈಪಿನಲ್ಲಿ ತೋಟದ ನಡುವೆ ಇಳಿದು ಮನೆಗೆ ಬರುತ್ತದೆ. ಪೈಪೂ ಬಾಟಲಿಯೂ ಒಂದೇ ಜಾತಿಯ ಪ್ಲಾಸ್ಟಿಕ್. ಪೈಪಿನ ಮೇಲಿನ ಮಣ್ಣಿಗೆ ಇಸಿ ಮದ್ದು ಚೆಲ್ಲಿದರೆ, ಬಾಟಲಿಯೊಳಗಿನಿಂದ ಹೊರಬಂದ ದ್ರಾವಕ ಹೊರಗಿನಿಂದ ಪೈಪಿನೊಳಕ್ಕೂ ಹೋಗಬಲ್ಲದು. ಪೆಟ್ರೋಲ್ ಚೆಲ್ಲಿದ ಮಣ್ಣಿನಲ್ಲಿ ಇಂತಹ ಪೈಪುಗಳ ನೀರು ಕೆಟ್ಟಿರುವುದು ಬೇರೆ ದೇಶಗಳಲ್ಲಿ ದಾಖಲಾಗಿದೆ. ಆದುದರಿಂದ ಮದ್ದು ಬೆರೆಸುವ ಜಾಗವನ್ನು ಪೈಪಿನ ದಾರಿಯಿಂದ, ಬಾವಿಯಿಂದ, ಸುರಂಗದ ಮೇಲ್ಭಾಗದ ಗುಡ್ಡದಿಂದ ದೂರ ಗೊತ್ತುಮಾಡಬೇಕು.

ಬಾಟಲಿ ಹಾಳಾಗಿರುವುದು ಕಂಡರೆ ಅದನ್ನು ಬಾಟಲಿ ಸಹಿತ ದಪ್ಪ ಗೋಡೆಯ, ಮುಚ್ಚಳವಿರುವ ದೊಡ್ಡ ಡಬ್ಬಿಯೊಳಗೆ ಮರದ ಹುಡಿ ತುಂಬಿ ನಿಲ್ಲಿಸಿ, ಮದ್ದಿನ ಹೆಸರು ಬರೆದು, ಪಂಚಾಯತಿನ ಕೃಷಿ ಭವನಕ್ಕೆ ತಿಳಿಸಿರಿ. ಚೆಲ್ಲಿದ್ದನ್ನು ನೀರು ಹೊಯ್ದು ತೊಳೆಯಬೇಡಿ, ಮರದ ಹುಡಿ ಅಥವಾ ಒಣಮಣ್ಣಿಗೆ ಹೀರಿಸಿ ತೆಗೆಯಿರಿ. ಕಾಸರಗೋಡಿನ ಗೇರುತೋಪುಗಳ ಮೇಲೆ ಎಂಡೋಸಲ್ಫಾನ್ ಎಂಬ ಕೀಟನಾಶಕದ ಸಿಂಪಡಣೆ ನಿಂತದ್ದು 2000ದ ಕೊನೆಗೆ. ಆದರೆ ಗೋದಾಮುಗಳಲ್ಲಿ ಉಳಿದ ದಾಸ್ತಾನಿನ ಹಳೆಯ ಬ್ಯಾರೆಲ್‌ಗಳು ಕೆಟ್ಟದ್ದರಿಂದ, ಅದನ್ನು 2012ರಲ್ಲಿ ಹೊಸ ಬ್ಯಾರೆಲ್‌ಗಳಿಗೆ ತುಂಬಬೇಕಾಯಿತು. ಬಳಸದ ಮದ್ದಿನ ಕಾವಲು ಎಷ್ಟು ದೀರ್ಘವೆಂಬುದನ್ನು ಈ ಜಿಲ್ಲೆ ಕಂಡಿದೆ. ಮುಂದಿನ ಹಂಗಾಮಿಗೆಂದು ಹೆಚ್ಚು ತಂದಿಡುವುದನ್ನೇ ಬಿಡುವುದು ಲೇಸು.

ಕೊನೆಯದು ಖಾಲಿ ಬಾಟಲಿ. ಮೂರು ಸಲ ನೀರು ಹಾಕಿ ಕುಲುಕಿ, ಆ ನೀರನ್ನು ಸಿಂಪಡಿಸುವ ದ್ರಾವಣಕ್ಕೇ ಸೇರಿಸಿರಿ. ಇದರಿಂದ ಗೋಡೆಗೆ ಅಂಟಿದ್ದು ಹೋಗುತ್ತದೆ, ಗೋಡೆಯೊಳಗೆ ಸೇರಿದ್ದು ಹೋಗುವುದಿಲ್ಲ. ಅದು ತಿಂಗಳುಗಟ್ಟಲೆ ಹಿಂದಿರುಗಿ ಒಳಕ್ಕೇ ಬರುತ್ತಿರುತ್ತದೆ. ಅಂತಹ ಕ್ಯಾನಿನಲ್ಲಿ ತೆಂಗಿನೆಣ್ಣೆ ತುಂಬಿದರೆ ಎಣ್ಣೆ ಆ ವಿಷವನ್ನು ನೀರಿಗಿಂತ ಚೆನ್ನಾಗಿ ಸೆಳೆದುಕೊಳ್ಳುತ್ತದೆ. ಆದುದರಿಂದ ತೊಳೆದ ಕೂಡಲೇ ತಳಕ್ಕೆ ತೂತು ಹೊಡೆದು ಬಳಕೆಗೆ ಬಾರದಂತೆ ಮಾಡಿರಿ, ಸುಡಬೇಡಿ. 1971ರ ಕೀಟನಾಶಕ ನಿಯಮಗಳು ಇಂತಹವನ್ನು ಒಡೆದು ಜನವಸತಿಯಿಂದ ದೂರ ಹೂಳಬೇಕೆನ್ನುತ್ತವೆ. ನಮ್ಮಲ್ಲಿ ಜನವಸತಿಯಿಂದ ದೂರವಿರುವ ಜಾಗ ಎಷ್ಟೋ ಸಲ ಸುರಂಗದ ಮೇಲಿನ ಗುಡ್ಡವೇ ಆಗಿರುವುದರಿಂದ, ಗುಂಡಿ ತೋಡುವ ಮೊದಲು ಕೆಳಗೆ ಯಾರ ನೀರಿದೆ ಎಂದು ನೆರೆಮನೆಗಳಲ್ಲಿ ವಿಚಾರಿಸಿ, ಕೃಷಿ ಭವನದವರು ತೋರಿಸಿದ ಜಾಗಕ್ಕಷ್ಟೇ ಒಯ್ಯಿರಿ.