ಹಳೆ ಡಿಜಿಟಲ್ ರೈಲು ಓಡ್ತಿಲ್ವಾ? ಹಳಿಯಿಂದ ಶುರು ಮಾಡಿ

ದುಬೈಯಿಂದಲೋ ಜರ್ಮನಿಯಿಂದಲೋ ಯಾರೋ ಮಾವ ತಂದುಕೊಟ್ಟ, ಜರ್ಮನಿಯ ಮಾರ್ಕ್ಲಿನ್ ಕಂಪನಿಯ ಡಿಜಿಟಲ್ ಆಟಿಕೆ ರೈಲಿನ ಸೆಟ್ಟು ಅಟ್ಟದ ಮೇಲೆ ಕೂತಿರುತ್ತದೆ. ರಜೆಯಲ್ಲಿ ಕೆಳಗಿಳಿಸಿ ಜೋಡಿಸಿದರೆ ಇಂಜಿನ್ ಮಿಸುಕುವುದೇ ಇಲ್ಲ. ಎಲ್ಲರೂ ಮೊದಲು ಬೈಯುವುದು ಕಂಟ್ರೋಲ್ ಯೂನಿಟ್ಟಿಗೆ, ಅಂದರೆ ರೈಲನ್ನು ಓಡಿಸುವ ಪೆಟ್ಟಿಗೆಗೆ. ಆದರೆ ಮಂಗಳೂರು, ಉಡುಪಿಯ ಉಪ್ಪುಗಾಳಿಯಲ್ಲಿ, ಆ ಮಳೆಯಲ್ಲಿ, ಹೆಚ್ಚಾಗಿ ಕೈಕೊಡುವುದು ಹಳಿ ಮತ್ತು ವಯರು. ಸ್ಕ್ರೂಡ್ರೈವರ್ ಬದಿಗಿಡಿ.

ಪ್ಲಗ್ ಹಾಕುವ ಮೊದಲು ಟ್ರಾನ್ಸ್‌ಫಾರ್ಮರಿನ ಅಡಿ ನೋಡಿ. 220 ಅಥವಾ 230 ವೋಲ್ಟ್ ಅಂತ ಇದ್ದರೆ ಸರಿ, ಅಮೆರಿಕದ 120 ವೋಲ್ಟಿನದಾದರೆ ನಮ್ಮ ಸಾಕೆಟ್ಟಿಗೆ ಹಾಕಲೇಬೇಡಿ. ವಯರು ಬಿರುಕು ಬಿಟ್ಟಿದ್ದರೂ ಅಷ್ಟೇ.

ಈಗ ಹಳಿಗೆ ಹೋಗುವ ಕೆಂಪು, ಕಂದು ವಯರುಗಳನ್ನು ಯೂನಿಟ್ಟಿನಿಂದ ಬಿಡಿಸಿ, ಅದರ ಗೋ ಬಟನ್ ಒತ್ತಿ. ಹಳಿಯೇ ಇಲ್ಲದೆ ಯೂನಿಟ್ ತಾನಾಗಿ ಸ್ಟಾಪ್‌ಗೆ ಬಿದ್ದರೆ ಅನುಮಾನ ಪೆಟ್ಟಿಗೆಯ ಮೇಲೆ. ಹಳಿ ಜೋಡಿಸಿದ ಮೇಲೆ ಮಾತ್ರ ಬೀಳುತ್ತದಾ? ಹಾಗಾದರೆ ಹಳಿಯಲ್ಲೇ ಎಲ್ಲೋ ಶಾರ್ಟ್ ಇದೆ. ಇಂಜಿನ್, ಬೋಗಿ ಎಲ್ಲ ಎತ್ತಿ, ಹಳಿಯನ್ನು ಅರ್ಧಕ್ಕೆ ಬಿಡಿಸಿ, ಯಾವ ಅರ್ಧದಲ್ಲಿ ತೊಂದರೆ ಅಂತ ನೋಡಿ, ಅದನ್ನು ಮತ್ತೆ ಅರ್ಧ ಮಾಡುತ್ತಾ ಹೋದರೆ ಬೇಗ ಸಿಕ್ಕಿಬೀಳುತ್ತದೆ. ಬಿದ್ದ ಒಂದು ಮೊಳೆ ಸಾಕು ಇದಕ್ಕೆ.

ಇನ್ನೊಂದು ಕಳ್ಳ ಇದೆ: ಡಿಜಿಟಲ್ ಅಲ್ಲದ ಹಳೆ ಸೆಟ್ಟಿನ ಕನೆಕ್ಷನ್ ಹಳಿ. ಅದರ ಅಡಿಯಲ್ಲಿ ರೇಡಿಯೋ ತೊಂದರೆ ತಡೆಯಲು ಪುಟ್ಟ ಕೆಪಾಸಿಟರ್ ಕೂರಿಸಿರುತ್ತಾರೆ, ಅದು ಡಿಜಿಟಲ್ ಸಿಗ್ನಲ್ಲನ್ನೇ ಕೆಡಿಸುತ್ತದೆ. ಆ ಹಳಿಯನ್ನು ತೆಗೆದಿಡಿ. ಹಳೆ ಅನಲಾಗ್ ಟ್ರಾನ್ಸ್‌ಫಾರ್ಮರನ್ನು ಡಿಜಿಟಲ್ ಯೂನಿಟ್ ಜೋಡಿಸಿದ ಹಳಿಗೇ ಜೋಡಿಸಿದರಂತೂ ಯೂನಿಟ್ಟೇ ಸುಡಬಹುದು.

ಆಮೇಲೆ ಸ್ವಚ್ಛತೆ. ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿದ ಹತ್ತಿ ಬಟ್ಟೆಯಿಂದ ಹಳಿ, ಹಳಿಯ ನಡುವೆ ಕರೆಂಟು ಕೊಡುವ ಮೊಳೆಸಾಲು, ಚಕ್ರ, ಆ ಮೊಳೆಗಳಿಗೆ ತಾಗುವ ಇಂಜಿನ್ ಅಡಿಯ ಸ್ಲೈಡರ್ ಎಲ್ಲ ಒರೆಸಿ. ಬಟ್ಟೆ ಕಪ್ಪಾಗುವುದು ನಿಂತರೆ ಸಾಕು. ಮರಳು ಕಾಗದ ಬೇಡ, ಗೀರಿನಲ್ಲಿ ಕೊಳೆ ಇನ್ನೂ ಜಾಸ್ತಿ ಕೂರುತ್ತದೆ. ಹಳೆ ತಗಡಿನ ಹಳಿಯಾದರೆ ಮಗುಚಿ ನೋಡಿ. ಪಕ್ಕದ ಹಳಿಗೆ ತಾಗುವ ಪುಟ್ಟ ಲೋಹದ ನಾಲಿಗೆ ಕಿಲುಬು ಹಿಡಿದೋ ಬಗ್ಗಿಯೋ ಇರುತ್ತದೆ, ಅದನ್ನು ಮೆಲ್ಲಗೆ ಎಬ್ಬಿಸಿ ಒರೆಸಿದರೆ ಸುಮ್ನೆ ನಿಂತ ಇಂಜಿನ್ ಎಷ್ಟೋ ಸಲ ಹೊರಟೇಬಿಡುತ್ತದೆ.

ಹತ್ತಿರ ಓಡಿ, ದೂರದ ತಿರುವಿನಲ್ಲಿ ನಿಲ್ಲುತ್ತದೆ ಅಂದರೆ ಕರೆಂಟು ಅಲ್ಲಿಗೆ ಸರಿಯಾಗಿ ತಲುಪುತ್ತಿಲ್ಲ. ಅಲ್ಲಿ ಒಂದು ರೂಪಾಯಿ ನಾಣ್ಯವನ್ನು ಹಳಿಗೂ ನಡುವಿನ ಮೊಳೆಗೂ ತಾಗಿಸಿ: ಯೂನಿಟ್ ತಕ್ಷಣ ಸ್ಟಾಪ್ ಆಗಬೇಕು. ಆಗದಿದ್ದರೆ ನಾಣ್ಯ ಕೂಡಲೇ ತೆಗೆಯಿರಿ. ಆ ಕಡೆಗೆ ಇನ್ನೊಂದು ಜೋಡಿ ದಪ್ಪ ವಯರು ಎಳೆಯಬೇಕು.

ಲೈಟು ಉರಿಯುತ್ತದೆ, ಇಂಜಿನ್ ಮಾತು ಕೇಳಲ್ಲ ಅಂದರೆ ವಿಳಾಸ ನೋಡಿ, ಅಂದರೆ ಯೂನಿಟ್ಟಿನಲ್ಲಿ ಒತ್ತಿ ಆ ಇಂಜಿನ್ನನ್ನು ಕರೆಯುವ ನಂಬರು. ಮಾರ್ಕ್ಲಿನ್‌ನ 6021 ಕಂಟ್ರೋಲ್ ಯೂನಿಟ್ಟಿನಲ್ಲಿ 01ರಿಂದ 80ರವರೆಗೆ ವಿಳಾಸಗಳಿವೆ, ಐದನ್ನೂ 05 ಅಂತಲೇ ಒತ್ತಬೇಕು. ಇಂಜಿನ್ ಒಳಗೆ ಸಿಗ್ನಲ್ ಓದುವ ಹಳೆ ಡಿಕೋಡರಿನಲ್ಲಿ ವಿಳಾಸ ಇರುವುದು ಎಂಟು ಪುಟ್ಟ ಸ್ವಿಚ್ಚುಗಳಲ್ಲಿ, ಅಲ್ಲೂ ಕಿಲುಬು ಕಟ್ಟುತ್ತದೆ. ಅವುಗಳ ಸ್ಥಾನವನ್ನು ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಂಡು, ಒಂದೊಂದನ್ನೂ ಕೆಲವು ಸಲ ಆಚೀಚೆ ಮಾಡಿ ಮೊದಲಿನಂತೆ ಇಡಿ.

ಇದ್ಯಾವುದಕ್ಕೂ ಬಗ್ಗದಿದ್ದರೆ ಸ್ಟಾಪ್, ಗೋ ಎರಡನ್ನೂ ಒಟ್ಟಿಗೆ ಒತ್ತಿ ರಿಸೆಟ್ ಮಾಡಿ. ಆಗಲೂ ಹಟ ಹಿಡಿದರೆ ಪೆಟ್ಟಿಗೆಯನ್ನು ರಿಪೇರಿಯವರಿಗೆ ಕೊಟ್ಟು, ಒಳಗಿನ ಒಣಗಿದ ಕೆಪಾಸಿಟರುಗಳನ್ನು ನೋಡಲು ಹೇಳಿ.